ಶೇಷ ಸೊನ್ನೆ

ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ಎಳೆಗಳನ್ನು ನಾಲ್ಕು ನಾಲ್ಕಾಗಿ ಎಣಿಸುತ್ತಾರೆ. ಏನೂ ಉಳಿಯದಿದ್ದರೆ ಲೆಕ್ಕ ಸೊನ್ನೆ. ಆ ರೂಢಿಯಲ್ಲೇ ಬೆಳೆದ ಶೀಲಾ, ಮೊದಲ ವರ್ಷದ ಪಿಯುಸಿ ಪರೀಕ್ಷೆಯಲ್ಲಿ ಊಹಾಸಂಖ್ಯೆ ‘ಐ’ನ ನಲವತ್ತನೆಯ ಘಾತ ಕೇಳಿದಾಗ, ನಲವತ್ತನ್ನು ನಾಲ್ಕರಿಂದ ಭಾಗಿಸಿ, ಏನೂ ಉಳಿಯಲಿಲ್ಲವೆಂದು ಸೊನ್ನೆ ಬರೆದಳು. ಒಂದೇ ಅಂಕದಿಂದ ನಪಾಸಾದಳು. ನಪಾಸಾದರೆ ಕಾಲೇಜು ಬಿಡಿಸುತ್ತೇನೆಂದು ಅಪ್ಪ ಮೊದಲೇ ಹೇಳಿದ್ದ.

“ನಾಲ್ಕು ‘ಐ’ ಗುಣಿಸಿದ್ರ ಒಂದಾಗ್ತದವಾ. ಶೇಷ ಸೊನ್ನಿ ಬಂದ್ರ ಉತ್ತರ ಒಂದು,” ಎಂದರು ಉತ್ತರಪತ್ರಿಕೆ ತಿದ್ದಿದ್ದ ಗಣಿತದ ಅಂಜನಾ ಮೇಡಂ.

“ಒಂದ ಮಾರ್ಕ್ಸ್ ಹಾಕ್ರಿ ಮೇಡಂ, ಕೈ ಮುಗಿತೇನಿ.”

“ತಪ್ಪಿಗೆ ಹೆಂಗ ಹಾಕ್ಲಿ? ಮತ್ತೊಮ್ಮೆ ಪರೀಕ್ಷಾ ಕಟ್ಟು.”

“ನಮ್ಮಪ್ಪ ಕಟ್ಟಸೂದಿಲ್ರಿ.”

ಮೇಡಂ ತಮ್ಮ ಬಾಟಲಿಯ ನೀರು ಕುಡಿಸಿದರು, ಸೆರಗಿನಿಂದ ಅವಳ ಮುಖ ಒರೆಸಿದರು. ಅಂಕ ಮಾತ್ರ ಕೊಡಲಿಲ್ಲ.

ಮನೆಯಲ್ಲಿ ಅಪ್ಪ ಬೈಯಲೂ ಇಲ್ಲ. ಮಗ್ಗದಿಂದ ಎದ್ದು, ತಾನು ಕೂತಿದ್ದ ಜಾಗ ತೋರಿಸಿ, “ಬಾ, ಕೂಡು,” ಎಂದ.