ನಾಲ್ಕೂ ಮೂಲೆಗೆ ಅರಿಷಿಣ

"ಈ ಹುಚ್ಚನ್ನ ಇಲ್ಲಿ ಕೂಡ್ಸೋ ಬದ್ಲಿ ಒಂದು ಕ್ವಾಣ ತಂದು ಕಟ್ರಿ. ಅದಕ್ಕರ ಸ್ವಲ್ಪ ಬುದ್ಧಿ ಇರ್ತೈತಿ!"

ಮೋರಟಗಿಯ ಗುರಪ್ಪ ಹೀಗೆ ಒದರಿದ್ದು ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿರುವ ಶಮಶುದ್ದೀನ ಚಾಚಾನ ಪ್ರೆಸ್ಸಿನಲ್ಲಿ. ಲಗ್ನದ ಹಂಗಾಮು, ಪತ್ರಿಕೆ ಒಯ್ಯಲು ಬಂದ ಮಂದಿ ಬಾಗಿಲ ತುಂಬ ನಿಂತಿದ್ದರು. ಎಲ್ಲರೂ ತಿರುಗಿ ನೋಡಿದ್ದು ಮೂಲೆಯ ಚಾಪೆಯ ಮೇಲೆ ಕೂತಿದ್ದ ಹದಿನೇಳರ ಅನೀಲಕುಮಾರನನ್ನು. ಅವನು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ.

ಎದುರಿನ ಟೈರಿನ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಿದ್ದ ಅವನ ಅಣ್ಣ ಧೂಳಪ್ಪನಿಗೆ ಆ ಮಾತು ರಸ್ತೆ ದಾಟಿ ಬಂದು ಬಡಿಯಿತು. ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಕೈಯಲ್ಲಿತ್ತು. ಇಟ್ಟು ಬರಬೇಕು ಅನ್ನುವುದೂ ಹೊಳೆಯದೆ ಓಡಿ ಬಂದ.

"ಯಾರಿಗಲೇ ಹುಚ್ಚ ಅಂದಿ?"

"ನಿನ್ನ ತಮ್ಮಗ! ನೋಡಿಲ್ಲಿ, ಕಣ್ಣ ಅದಾವಿಲ್ಲ?"

ಗುರಪ್ಪ ಒಂದು ಪತ್ರಿಕೆಯನ್ನು ಅವನ ಮೂಗಿಗೆ ಹಿಡಿದ. ಮೇಲೆ ಗುರಪ್ಪನ ತಾಯಿ ಸಿದ್ದಲಿಂಗವ್ವನ ಫೋಟೊ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಶಿವಗಣಾರಾಧನೆ'. ತೀರಿಹೋದವಳ ಹೆಸರಿನ ಆ ಪತ್ರಿಕೆಯ ನಾಲ್ಕೂ ಮೂಲೆಗೆ ದುಂಡಗೆ ಅರಿಷಿಣ, ಅರಿಷಿಣದ ನಡುವೆ ಕುಂಕುಮ. ಥೇಟ್ ಲಗ್ನಪತ್ರಿಕೆಗೆ ಹಚ್ಚಿದ ಹಾಗೆ.

"ಕಟ್ಟು ಬಿಚ್ಚಿ ನೋಡ್ಲಾರ್ದ ಹಂಚಾಕ ಕಳಿಸ್ದೆ. ನಮ್ಮತ್ತಿ ರೇವವ್ವ ನೋಡಿ ಎದಿ ಎದಿ ಬಡ್ಕೊಂಡ್ಳು. ನಿಮ್ಮವ್ವ ಸತ್ತಿದ್ದು ನಿನಗ ಹಬ್ಬ ಆತೇನೋ ಅಂದ್ಳು. ಏನಂತ ಹೇಳ್ಲಿ ನಾ ಆಕಿಗೆ?"

ಗುರಪ್ಪನ ದನಿ ಅಲ್ಲಿ ಒಮ್ಮೆ ಒಡೆಯಿತು. ಪಟ್ಟಿ ಹಿಡಿದ ಕೈ ಮೇಲೇಳಬೇಕೋ ಕೆಳಗಿಳಿಯಬೇಕೋ ಧೂಳಪ್ಪನಿಗೆ ತಿಳಿಯಲಿಲ್ಲ.

"ಅದನ್ನ ಕೆಳಗಿಡೋ ಧೂಳ್ಯಾ," ಅಂದ ಚಾಚಾ. ಗುರಪ್ಪನ ಕಡೆ ತಿರುಗಿ, "ತಪ್ಪಾಗೇತ್ರಿ ಗುರಪ್ಪಣ್ಣಾ. ಪ್ರೆಸ್ ನಂದು, ತಪ್ಪೂ ನಂದು. ಜೋಡಿಸಿದ ಅಕ್ಷರದ ಮೊಳಿ ಇನ್ನಾ ಬಿಚ್ಚಿಲ್ಲ. ಸಂಜಿಯೊಳಗ ಹೊಸಾವು ಹೊಡದು ನಿಮ್ಮ ಮನಿಗೇ ಮುಟ್ಟಸ್ತೇನಿ" ಅಂದ.

"ಅದಾತು. ಇಂವನ್ನ ತಗೀತಿಯೋ ಇಲ್ಲೋ, ಅದನ್ನ ಹೇಳು. ಇಂವ ಇಲ್ಲಿ ಇರೂತನಕ ನಮ್ಮೂರಿನ ಒಂದು ಪತ್ರಿಕೀನೂ ಇಲ್ಲಿಗೆ ಬರಂಗಿಲ್ಲ."

ಚಾಚಾ ಎಣ್ಣೆಯ ಡಬ್ಬಿ ಎತ್ತಿಕೊಂಡು ಮಷಿನ್ನಿನ ಕಡೆ ತಿರುಗಿದ. ಗುರಪ್ಪ ಧೋತರದ ಚುಂಗು ಝಾಡಿಸಿ ನಡೆದ. ಬೈಗುಳಕ್ಕಿಂತ ಚಾಚಾ ಹಾಗೆ ತಿರುಗಿದ್ದಕ್ಕೇ ಧೂಳಪ್ಪ ಹೆಚ್ಚು ಹೆದರಿದ.

ಯಾಕೆಂದರೆ ಆ ಚಾಪೆ ಸಿಗುವ ಮುಂಚೆ ಏನಿತ್ತು ಅನ್ನುವುದನ್ನು ಅವನು ಕಣ್ಣಾರೆ ಕಂಡಿದ್ದ. ಹಿಂದಿನ ವರ್ಷ, ಎರಡು ಸಾವಿರದ ಎರಡರಲ್ಲಿ, ಅನೀಲ ಹೇಗೋ ಎಸ್ಸೆಸ್ಸೆಲ್ಸಿ ದಾಟಿದ. ಮನೆಯವರೆಲ್ಲ ಪೇಢೆ ತಿಂದರು. ಸಾಲಿ ಮುಗಿಯಿತು ಅನ್ನುವುದು ಮಾತ್ರ ಅನೀಲನ ತಲೆಗೆ ಹೋಗಲಿಲ್ಲ. ಜೂನಿನಲ್ಲಿ ಸಾಲಿಯ ಗಂಟೆ ಬಾರಿಸಿದ್ದೇ ಯುನಿಫಾರ್ಮ್ ಹಾಕಿಕೊಂಡು ಒಂಬತ್ತೂವರೆಗೆ ಗೇಟಿನ ಮುಂದೆ ಹಾಜರ್. ಸಿಪಾಯಿ ಅಟ್ಟಿದ. ಮರುದಿನ ಮತ್ತೆ ಬಂದ. ತಾಯಿ ಕಸ್ತೂರೆವ್ವ ಯುನಿಫಾರ್ಮ್ ಬಚ್ಚಿಟ್ಟರೆ ಬನಿಯನ್ನಿನಲ್ಲೇ ಹೋದ. ಒಂದು ದಿನ ಧೂಳಪ್ಪನೇ ದರದರ ಎಳೆದು ತಂದು ಬಾರಿಸಿದ. ಆ ಬಲಗೈ ಕಂಡರೆ ಅವನಿಗೆ ಈಗಲೂ ಹೇಸಿಕೆ.

ಹತ್ತನೇ ಇಯತ್ತೆ ಆದಮೇಲೆ ಇಂಥ ಹುಡುಗರಿಗೆ ಏನಿದೆ ಅಂತ ಕೇಳಿಕೊಂಡು ಧೂಳಪ್ಪ ಅಲೆಯದ ಆಫೀಸಿಲ್ಲ. ಕುರ್ಚಿಯವರು ಅರ್ಜಿ ತೆಗೆದುಕೊಂಡು ಫ್ಯಾನು ನೋಡುತ್ತಿದ್ದರು. ಒಬ್ಬ ಸಾಹೇಬ, "ಮನ್ಯಾಗ ಕಟ್ಟಿ ಹಾಕ್ರಿ" ಅಂದಿದ್ದ.

ಗೇಟಿನ ಮುಂದಿನ ಆ ಹುಡುಗನನ್ನು ದಿನಾ ನೋಡುತ್ತಿದ್ದವರು ಒಬ್ಬರೇ, ಗಣಿತದ ವಿದ್ಯಾವತಿ ಟೀಚರ್. ಅವರು ರಜೆ ಹಾಕಿ ಅಣ್ಣತಮ್ಮ ಇಬ್ಬರನ್ನೂ ವಿಜಾಪುರದ ಕ್ಯಾಂಪಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು, "ಇದು ಹುಚ್ಚಲ್ಲಪ್ಪ, ಆಟಿಸಂ ಅಂತಾರ. ದಿನಾ ಅದೇ ಜಾಗ, ಅದೇ ಹೊತ್ತು, ಅದೇ ಕೆಲಸ ಕೊಡ್ರಿ. ಬಾಯಿಲೆ ಹೇಳಿದ್ದು ಬಿಟ್ಟಾನು, ಚಿತ್ರದಾಗ ನೋಡಿದ್ದು ಬಿಡೂದಿಲ್ಲ" ಅಂದರು. ಹುಚ್ಚಲ್ಲ ಅನ್ನುವ ಮಾತನ್ನು ಓದಿದವರ ಬಾಯಲ್ಲಿ ಧೂಳಪ್ಪ ಕೇಳಿದ್ದು ಅದೇ ಮೊದಲು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಆಮೇಲೆ ಟೀಚರ್ ಸಿಂದಗಿಯ ಅಂಗಡಿ ಅಂಗಡಿ ತಿರುಗಿದರು. ಅರಿವೆ ಅಂಗಡಿಯವರು ನಕ್ಕರು. ಕಿರಾಣಿಯವರು ನೋಡೋಣ ಅಂದು ಮತ್ತೆ ನೋಡಲಿಲ್ಲ. ಶಮಶುದ್ದೀನ ಚಾಚಾ ಮಾತ್ರ, "ಒಂದು ತಿಂಗಳ ಕಳಸ್ರಿ ಟೀಚರ್ ಬಾಯಾರ" ಅಂದ. ಮಷಿನ್ನಿನ ಸಪ್ಪಳಕ್ಕೆ ಹುಡುಗ ಹೆದರಿದಾಗ ಕಿವಿಗೆ ಅರಳೆ ತಂದುಕೊಟ್ಟ. ಟೀಚರ್ ಪ್ರತಿ ಶನಿವಾರ ಸಾಲಿ ಬಿಟ್ಟಮೇಲೆ ಬಂದು ಆ ಚಾಪೆಯ ಮೇಲೇ ಕೂತು ಕಲಿಸಿದರು. ಕೆಲಸದ ಚಿತ್ರ ಬರೆಯಲು ಪೆನ್ಸಿಲ್ ಕೊಟ್ಟದ್ದು ಧೂಳಪ್ಪನಿಗೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟ ಕೈ ಅಳಿಸಿ ಅಳಿಸಿ ಐದು ಚಿತ್ರ ತೆಗೆಯಿತು: ಮಡಚು, ಅರಿಷಿಣ ಹಚ್ಚು, ಕುಂಕುಮ ಇಡು, ದಾರ ಕಟ್ಟು, ಕಪಾಟಿನಲ್ಲಿಡು. ಎಂಟು ತಿಂಗಳಲ್ಲಿ ಅನೀಲ ಒಂದು ಮೂಲೆಯನ್ನೂ ತಪ್ಪಿಸಿರಲಿಲ್ಲ. "ಅರಿಷಿಣ ಹಚ್ಚೇ ಕೊಡ್ರಿ" ಅಂತ ಇಂಡಿ, ಆಲಮೇಲದ ಗಿರಾಕಿಗಳೂ ಕೇಳತೊಡಗಿದ್ದರು.

ಧೂಳಪ್ಪ ಈಗ ಗೋಡೆ ನೋಡಿದ. ಐದೂ ಚಿತ್ರ ಅಂಟಿಸಿದಲ್ಲೇ ಇದ್ದವು. ಸತ್ತವರ ಪತ್ರಿಕೆಗೆ ಅರಿಷಿಣ ಹಚ್ಚಬಾರದು ಅನ್ನುವ ಚಿತ್ರ ಇರಲಿಲ್ಲ. ಅದನ್ನೂ ಯಾರಾದರೂ ಹೇಳಿಕೊಡಬೇಕೇ ಅಂತ ಅವನು ಚಿತ್ರ ಬರೆದ ದಿನ ಅಂದುಕೊಂಡಿದ್ದ. ಅಂಥ ಪತ್ರಿಕೆ ಬಂದರೆ ಚಾಚಾನೇ ಮಡಚಿ ಕರಿ ದಾರ ಕಟ್ಟುತ್ತಿದ್ದ. ನಿನ್ನೆ ಗದ್ದಲದಲ್ಲಿ ಅದನ್ನೂ ಚಾಪೆಯ ಮೇಲೆ ಇಟ್ಟಿದ್ದ.

"ಚಾಚಾ, ತಪ್ಪು ಇಂವಂದಲ್ಲ. ನಂದು. ಚಿತ್ರಾ ಬರದಾಂವ ನಾ."

"ಗೊತ್ತೈತಿ. ಪೆನ್ಸಿಲ್ ತಗೋ, ಇನ್ನೊಂದು ಬರಿ."

"ಮತ್ತ ನಾಳಿಂದ ಇಂವ..."

"ನಾಳೆ ಒಂಬತ್ತೂವರಿಗೆ ಬರ್ತಾನಲ್ಲ, ನಾ ಏನು ಬಾಗ್ಲಾ ಹಾಕ್ಕೊಂಡು ಒಳಗ ಕೂಡ್ಲ್ಯಾ?" ಚಾಚಾ ಮಷಿನ್ನಿಗೆ ಎಣ್ಣೆ ಬಿಡುತ್ತ ಅಂದ. "ಹೊಸಾ ಪತ್ರಿಕಿ ನೀನ ಒಯ್ದು ಕೊಡು. ಆದ್ರ ಕೇಳಿಲ್ಲೆ. ಅಲ್ಲಿ ಹೋಗಿ ಕೈ ಮಾಡಿದಿ, ಬಾಯಿ ಮಾಡಿದಿ ಅಂದ್ರ ಇಂವನ್ನ ಇಲ್ಲಿ ಉಳಿಸ್ಕೊಳ್ಳೂದು ನನ್ನ ಕೈಲೆ ಆಗಂಗಿಲ್ಲ. ಊರಿಗೆ ಊರ ತಿರುಗಿ ಬೀಳತೈತಿ."

ಉಪಕಾರ ಆಯಿತು ಅನ್ನುವ ಮಾತು ಧೂಳಪ್ಪನ ಬಾಯಿಗೆ ರೂಢಿ ಇರಲಿಲ್ಲ. "ಚಾಚಾ, ನಿಮ್ಮ ಸೈಕಲ್ ಗಾಲಿಗೆ ಗಾಳಿ ಕಡಿಮಿ ಐತಿ" ಅಂದ. ಹೊರಗೆ ಹೋಗಿ ಎರಡೂ ಗಾಲಿಗೆ ಗಾಳಿ ತುಂಬಿದ. ಮುಂದಿನದು ಮೊದಲೇ ತುಂಬಿತ್ತು.

ಆರನೆಯ ಚಿತ್ರದಲ್ಲಿ ಕರಿ ದಾರದ ಒಂದು ಕಟ್ಟು, ಅದರ ಪಕ್ಕ ಅರಿಷಿಣದ ಬಟ್ಟಲು, ಬಟ್ಟಲಿನ ಮೇಲೆ ಅಡ್ಡಡ್ಡ ಗೀಚಿದ ದೊಡ್ಡ ಕಾಟು. ಅನೀಲ ಬಹಳ ಹೊತ್ತು ನೋಡಿದ. ಎದ್ದು ಹೋಗಿ ಕೈ ತೊಳೆದು ಬಂದ. ಬಟ್ಟಲನ್ನು ಬೆನ್ನ ಹಿಂದೆ ಸರಿಸಿ ಕೂತ.

"ಕರಿ ದಾರ. ಅರಿಷಿಣ ಇಲ್ಲ," ಅಂದ. ಅಣ್ಣನ ಮುಖ ನೋಡದೆ ಇನ್ನೊಮ್ಮೆ ಅಂದ. ಮಡಚತೊಡಗಿದ.

ಮೂರು ಗಂಟೆಯ ಬಸ್ಸಿಗೆ ಧೂಳಪ್ಪ ಮೋರಟಗಿಗೆ ಹೋದ. ಗುರಪ್ಪನ ಅಂಗಳದಲ್ಲಿ ಬೀಗರು, ಓಣಿಯವರು ಚಹಾ ಕುಡಿಯುತ್ತ ಕೂತಿದ್ದರು. ಗುರಪ್ಪ ಕಟ್ಟು ಬಿಚ್ಚಿ ಒಂದೊಂದನ್ನೇ ತಿರುವಿ ನೋಡಿದ. ತೆಗಳಲು ಏನೂ ಸಿಗಲಿಲ್ಲ. ಅಂಚಿಗೆ ಅಂಚು ಕೂಡಿತ್ತು, ಮೂಲೆಗಳು ಬೆಳ್ಳಗಿದ್ದವು.

"ನೋಡ್ರೆಪಾ, ಆ ಹುಚ್ಚನ ಅಣ್ಣ ಇಂವನ," ಅಂದ ಗುರಪ್ಪ, ಕೂತವರಿಗೆಲ್ಲ ಕೇಳುವ ಹಾಗೆ. "ಒಬ್ಬಂವ ಹುಚ್ಚ, ಒಬ್ಬಂವ ಟೈರ್ ತಿಕ್ಕಾಂವ, ಛಲೋ ಹಡದಾಳ ಅವ್ವ! ಯಾಕೋ, ಮುಂಜಾನಿ ಕಬ್ಬಿಣ ಹಿಡ್ಕೊಂಡು ಕುಣೀತಿದ್ದಿ, ಈಗ ನಾಲಿಗಿ ಎಲ್ಲಿ ಬಿಟ್ಟು ಬಂದಿ?"

ನಾಲ್ಕು ಮಂದಿ ನಕ್ಕರು. ಧೂಳಪ್ಪನ ಕಿವಿ ಕಾದವು. ಮುಷ್ಟಿ ತಾನೇ ಬಿಗಿಯಿತು. ಕಂಬಕ್ಕೆ ಆತು ಕೂತಿದ್ದ ಮುದುಕಿ ರೇವವ್ವ ಒಂದು ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, ಬೆಳ್ಳನೆಯ ಮೂಲೆಗಳನ್ನು ಹೆಬ್ಬೆರಳಿಂದ ಸವರುತ್ತಿದ್ದಳು. ನಾಲ್ಕನ್ನೂ ಸವರಿ, ಫೋಟೊವನ್ನು ಸೆರಗಿನಲ್ಲಿ ಒರೆಸಿ, ಮಡಿಲಲ್ಲಿ ಇಟ್ಟುಕೊಂಡಳು.

ಸಿಂದಗಿಗೆ ಹೋಗುವ ಬಸ್ಸು ನಾಲ್ಕೂವರೆಗೆ. ದಿನಾ ಐದೂವರೆ ಆದದ್ದೇ ಅನೀಲ ಚಪ್ಪಲಿ ಹಾಕಿಕೊಂಡು ಪ್ರೆಸ್ಸಿನ ಹೊಸ್ತಿಲ ಮೇಲೆ ಬಂದು ನಿಲ್ಲುತ್ತಾನೆ, ಟೈರಿನ ಅಂಗಡಿಯ ಕಡೆ ಮುಖ ಮಾಡಿ. ಅಣ್ಣನ ಹೊರತು ಯಾರು ಕರೆದರೂ ಹೆಜ್ಜೆ ಎತ್ತುವುದಿಲ್ಲ.

ಧೂಳಪ್ಪ ಮುದುಕಿಗೆ ಕೈಮುಗಿದ.

"ಏ, ನಿನ್ನ ಕೇಳಾಕತ್ತೇನಿ!" ಗುರಪ್ಪ ಹಿಂದಿನಿಂದ ಕೂಗಿದ.

ಧೂಳಪ್ಪ ಮುಷ್ಟಿ ಬಿಚ್ಚಿ, ಬಸ್ ನಿಲ್ಲುವ ಕಟ್ಟೆಯ ಕಡೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ನಡೆದ.