ಮಾಯಪ್ಪನ ಮೊಮ್ಮಗನ ಬೆನ್ನು

ನಂದಗಡದ ಸಂತೆಯಲ್ಲಿ ಪೈಲವಾನರು ಎತ್ತಿ ಬಲ ತೋರಿಸುವ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿಕೊಂಡು, ಅದನ್ನು ಇಳಿಸದೆಯೇ ಅಂಗಡಿಯ ಮುಂದೆ ನಿಂತು ಎಲೆ ಅಡಿಕೆ ಕೊಂಡು ಬಾಯಿಗೆ ಹಾಕಿಕೊಂಡವನು ಹಣಮಪ್ಪ. ಅವನ ಮಗ ಮಾಯಪ್ಪ ಖಾನಾಪುರದ ಹೊಳೆದಂಡೆಯ ಕಣದಲ್ಲಿ, ಕೊಲ್ಹಾಪುರದ ಕಡೆಯಿಂದ ಬಂದಿದ್ದ ಬಾಗಿಲಿನಗಲದ ಪೈಲವಾನನನ್ನು ಚಿತ್ ಮಾಡಿ, ಅವನ ಬೆನ್ನಿಗೆ ಹತ್ತಿದ ಕೆಮ್ಮಣ್ಣನ್ನು ಜನಕ್ಕೆ ತೋರಿಸಿ, ಆಮೇಲೆ ತನ್ನ ಬೆನ್ನನ್ನೂ ತಿರುಗಿಸಿ ತೋರಿಸಿದ್ದ; ಅಲ್ಲಿ ಬೆವರಿನ ಹೊರತು ಬೇರೇನೂ ಇರಲಿಲ್ಲ. ಬೆನ್ನಿನ ಎರಡೂ ರೆಕ್ಕೆಯೆಲುಬು ನೆಲಕ್ಕೆ ಹತ್ತಿದವನು ಸೋತ. ಕುಸ್ತಿಯ ಕಾನೂನು ಇಷ್ಟೇ. ಮಾಯಪ್ಪನ ಬೆನ್ನನ್ನು ಮಣ್ಣು ಕಂಡಿಲ್ಲ ಎಂಬ ಮಾತು ಅಂದಿನಿಂದ ತಾಲೂಕಿನ ತುಂಬ ಹಬ್ಬಿತು. ಈ ಇಬ್ಬರ ವಂಶದಲ್ಲಿ ಹುಟ್ಟಿದ ರಾಮಲಿಂಗ ಅಂಗಾತ ಮಲಗುವುದನ್ನು ಕಲಿಯಲಿಲ್ಲ.

ಚಿಕ್ಕವನಿದ್ದಾಗ ಅವನು ನಿದ್ದೆಯಲ್ಲಿ ಅಂಗಾತ ಹೊರಳಿದರೆ ಅಜ್ಜ ಮಾಯಪ್ಪ ಕೋಲಿನ ತುದಿಯಿಂದ ಪಕ್ಕೆಗೆ ತಿವಿದು, "ಮಗ್ಗಲಾಗಲೇ, ಚಿತ್ ಬಿದ್ದಿ!" ಎಂದು ನಗುತ್ತಿದ್ದನಂತೆ. ಅಜ್ಜನಿಗೆ ಅದು ಚೇಷ್ಟೆ. ಮೊಮ್ಮಗ ಅದನ್ನು ದೀಕ್ಷೆಯೆಂದು ತಿಳಿದ. ಈಗ ನಲವತ್ತು ದಾಟಿದ ಮೇಲೂ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಅವನು ಸೀಟಿಗೆ ಬೆನ್ನು ಕೊಡುವುದಿಲ್ಲ. ಗೂಟ ನೆಟ್ಟಂತೆ ಕೂತಿರುತ್ತಾನೆ. ಕ್ಷೌರದ ಕುರ್ಚಿಯಲ್ಲೂ ಅದೇ ಭಂಗಿ. ಮುರಿದ ಬಲಮಂಡಿಯಿಂದಾಗಿ, ತುಕ್ಕು ಹಿಡಿದ ಗೇಟು ತೆರೆದಂತೆ ಕಾಲನ್ನು ಹೊರಗೆ ಬೀಸಿ ನಡೆಯುತ್ತಾನೆ. ಎಂಥ ಸೆಕೆಯಲ್ಲೂ ಅಂಗಿಯ ಗುಂಡಿ ಕೊರಳಿನತನಕ ಹಾಕಿರುತ್ತದೆ. "ಖರೇ ಹೇಳ್ತೀನಿ" ಎಂದು ಮಾತು ಸುರು ಮಾಡುತ್ತಾನೆ, ಯಾರೂ ಸುಳ್ಳೆಂದಿರದಿದ್ದರೂ.

ಆ ಮಂಡಿ ಮುರಿದದ್ದು ಕುಸ್ತಿಯಲ್ಲಿ. ಕಣ ಬಿಟ್ಟವನು ಹಂಚಿನ ಕಾರ್ಖಾನೆ ಸೇರಿದ. ಅಲ್ಲಿಯತನಕ ಮಾಯಪ್ಪನ ಮೊಮ್ಮಗ ಎಂದು ಕರೆಯುತ್ತಿದ್ದ ಊರು ಅವನನ್ನು ಹಂಚಿನ ರಾಮ್ಯಾ ಎನ್ನತೊಡಗಿತು. ಅವನಿಗೆ ಮಂಡಿಗಿಂತ ಇದೇ ಹೆಚ್ಚು ನೋಯುತ್ತಿತ್ತು. ಕುಂಟನೂ ಸ್ಪರ್ಧಿಸಬಹುದಾದ ಆಟವೊಂದಿದೆ, ಬೆಂಚಿನ ಮೇಲೆ ಮಲಗಿ ಕಬ್ಬಿಣವನ್ನು ಎದೆಯ ಮೇಲಿಂದ ಎತ್ತುವುದು, ಎಂದು ಯಾರೋ ಹೇಳಿದಾಗ ಅವನು ಬೆಳಗಾವಿಯ ಮಹಾಂತೇಶ ನಗರದಲ್ಲಿ ಮುದಸ್ಸರ ನಡೆಸುವ ಜಿಮ್ಮಿನ ಬಾಗಿಲಿಗೆ ಹೋದದ್ದು ಆ ಹಳೆಯ ಹೆಸರನ್ನು ಮರಳಿ ತರುವುದಕ್ಕೆ. ಖಾನಾಪುರದಲ್ಲೇ ಬೆಂಚ್ ಪ್ರೆಸ್ ಸ್ಪರ್ಧೆ ನಡೆಯಲಿತ್ತು. ಅಲ್ಲಿ, ಅದೇ ಜನರೆದುರು, ಭಾರ ಎತ್ತಬೇಕು.

ತೋಳಿನಲ್ಲಿ ಬಲಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ತೂಕಕ್ಕೆ ಬಂದು ಅವನ ಬಾರ್, ಭಾರ ಸಿಕ್ಕಿಸುವ ಆ ಕಬ್ಬಿಣದ ಸರಳು, ನಿಂತುಬಿಟ್ಟಿತು. ವಯಸ್ಸಿನಲ್ಲಿ ಕಿರಿಯನಾದರೂ ಕಣ್ಣು ಹರಿತವಾಗಿದ್ದ ಮುದಸ್ಸರ ಕಾರಣವನ್ನು ಮೊದಲ ದಿನವೇ ಕಂಡಿದ್ದ.

"ಅಣ್ಣಾ, ಬರೇ ಕೈಲೆ ಎತ್ತಬ್ಯಾಡ್ರಿ. ಕಾಲಿಲೆ ನೆಲಾ ಒತ್ರಿ, ಎದಿ ಎಬ್ಬಸ್ರಿ. ಎರಡೂ ರೆಕ್ಕಿ ಎಲುಬು ಹಿಂದ ಕೂಡಿಸಿ ಬೆಂಚಿಗೆ ಜಡೀರಿ. ಬುಡಾ ಗಟ್ಟಿ ಇದ್ರನ ಮ್ಯಾಲಿಂದು ಏಳತೈತಿ."

"ಅದೊಂದ ಬಿಟ್ಟು ಬ್ಯಾರೆ ಏನರ ಹೇಳು, ಉಸ್ತಾದ."

"ಬ್ಯಾರೆ ಏನೂ ಇಲ್ರಿ. ಅದೊಂದ ಐತಿ."

ರಾಮಲಿಂಗ ಮಲಗುತ್ತಿದ್ದ. ಆದರೆ ಬಾರ್ ಕೈಗೆ ಬಂದೊಡನೆ ಎಡಗಡೆಯ ರೆಕ್ಕೆಯೆಲುಬು ಬೆಂಚಿನಿಂದ ತಾನಾಗಿ ಮೇಲೇಳುತ್ತಿತ್ತು. ಕೆಳಗೆ ಸಿಕ್ಕ ಪೈಲವಾನ ಕೊನೆಯ ಗಳಿಗೆಯಲ್ಲಿ ಒಂದು ಭುಜ ಉಳಿಸಿಕೊಳ್ಳುವಂತೆ. ಬಾರ್ ಸೊಟ್ಟ ತಕ್ಕಡಿಯ ಹಾಗೆ ವಾಲುತ್ತಿತ್ತು. ಜಿಮ್ಮಿನ ಪಡ್ಡೆಗಳು, "ಕಾಕಾ, ಒಂದ ರೆಕ್ಕೀಲೆ ಹಾರಾಕತ್ತೀರೇನ್ರಿ?" ಎಂದರೆ ಇವನು ಮಲಗಿದಲ್ಲಿಂದಲೇ, "ಹಾರಾಕ ಬಂದ್ರ ಮೊದಲ ನಿನ್ನ ತಲೀ ಮ್ಯಾಲ ಇಳೀತೀನಿ, ತಡೀ ಮಗನ" ಎನ್ನುತ್ತಿದ್ದ.

ಕೊನೆಗೆ ಮುದಸ್ಸರ ನನ್ನನ್ನು ಕರೆಸಿದ. ನಾನು ಸಾಲಿ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದೂ ತಾಲೀಮಿನ, ಅಂದರೆ ಗರಡಿಮನೆಯ, ಗೋಡೆಗೆ ಹಚ್ಚಿದ ಕುಸ್ತಿಯ ಜಾಹೀರಾತು ಓದಿ. ಆದರೆ ಮಾಯಪ್ಪನ ತಾಲೀಮಿನಲ್ಲಿ ಮಣ್ಣು ಹದ ಮಾಡುತ್ತಿದ್ದವನು ನಾನು. ಹೊರಗಿನವರು ಕಣದ ಮಾಯಪ್ಪನನ್ನು ಕಂಡರು, ನಾನು ಮುಂಜಾನೆಯ ಮಾಯಪ್ಪನನ್ನು ಕಂಡೆ. ಅದನ್ನೇ ರಾಮಲಿಂಗನಿಗೆ ಹೇಳಿದೆ.

"ನಿಮ್ಮಜ್ಜ ದಿನಾ ಬೀಳತಿದ್ದಪಾ. ತನಗಿಂತ ಹಗರ ಹುಡುಗರ ಕಡಿಂದ ತಾನ ಕರದು ಚಿತ್ ಹೊಡಿಸ್ಕೊಂತಿದ್ದ, ಯಾವ ಪಟ್ಟಿಗೆ ತಾ ಹೆಂಗ ಬೀಳತೀನಿ ಅಂತ ತಿಳ್ಕೊಳ್ಳಾಕ. ಅವನ ಬೆನ್ನಿನ ಮಣ್ಣ ನಾನ ಒರಸೀನಿ."

ರಾಮಲಿಂಗ ಮೆತ್ತಗೆ ಅಂದ: "ವಯಸ್ಸಾತ್ರಿ ಕಾಕಾ. ನಿಮಗ ಯಾರದೋ ಬೆನ್ನು ನೆಪ್ಪಾಗಾಕತ್ತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಆ ಮಣ್ಣು ತುಳಿದವನು ನಾನು. ಅಜ್ಜ ತಾಲೀಮಿನಲ್ಲಿ ಬೆವರಿದ್ದನ್ನೇ ಕಾಣದವನು ನನ್ನ ನೆನಪನ್ನು ತಿದ್ದಲು ಬಂದಿದ್ದ. ಆದರೂ ಮಾತು ಎಲ್ಲೋ ನಾಟಿರಬೇಕು. ಸ್ಪರ್ಧೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ, ಜಿಮ್ಮಿನಲ್ಲಿ ಮುದಸ್ಸರ ಮತ್ತು ನಾನು ಮಾತ್ರ ಇದ್ದಾಗ, ಅವನು ಎರಡೂ ರೆಕ್ಕೆಯೆಲುಬನ್ನು ಬೆಂಚಿಗೆ ಜಡಿದು ಮಲಗಿದ. ತಿಂಗಳುಗಟ್ಟಲೆ ಮಿಸುಕದಿದ್ದ ತೂಕ ಎದೆ ಮುಟ್ಟಿ, ಅಲ್ಲಿ ಒಂದು ಗಳಿಗೆ ನಿಂತು, ಬಾವಿಯಿಂದ ಖಾಲಿ ಕೊಡ ಬಂದಷ್ಟು ಸಲೀಸಾಗಿ ಮೇಲೆ ಬಂತು. "ಹಾಂ! ಇದ ನೋಡ್ರಿ ಅಣ್ಣಾ!" ಎಂದು ಮುದಸ್ಸರ ಕುಣಿದಾಡಿದ. ರಾಮಲಿಂಗ ಎದ್ದು ಕೂತು, ಕೈ ಹಿಂದಕ್ಕೆ ಚಾಚಿ, ಬೆನ್ನ ಮೇಲೆ ಇಲ್ಲದ ಮಣ್ಣನ್ನು ಒರೆಸಿಕೊಂಡ. "ಖರೇ ಹೇಳ್ತೀನಿ, ಎತ್ತಿದ್ದು ಬೆಂಚು, ನಾ ಅಲ್ಲ" ಅಂದ.

ಸ್ಪರ್ಧೆಯ ದಿನ ಖಾನಾಪುರದ ಸಭಾಭವನದಲ್ಲಿ ಹಳೆಯ ಕುಸ್ತಿಪ್ರಿಯರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊದಲ ಸರತಿ ಅವನು ಕಲಿತಂತೆಯೇ ಮಲಗಿದ, ಎತ್ತಿದ, ತೀರ್ಪುಗಾರರು ಒಪ್ಪಿದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಶೇಂಗಾ ಮುಕ್ಕುತ್ತಿದ್ದ ಒಬ್ಬ ಮುದುಕ ಕೂಗಿದ: "ಏ, ಮಾಯಪ್ಪನ ಮೊಮ್ಮಗ ಚಿತ್ ಆದ ನೋಡ್ರೋ!"

ಸಭೆ ಹೊಟ್ಟೆ ಹಿಡಿದು ನಕ್ಕಿತು. ಕೂಗಿದವನಿಗೆ ದ್ವೇಷವೇನೂ ಇರಲಿಲ್ಲ. ಆ ಮಾತನ್ನು ಅವನು ಶೇಂಗಾದ ಸಿಪ್ಪೆಯೊಂದಿಗೇ ಉಗುಳಿದ್ದ. ಇಷ್ಟು ವರ್ಷ ಹಂಬಲಿಸಿದ ಹೆಸರು ಊರಿನ ಬಾಯಿಂದ ಮರಳಿ ಬಂದದ್ದು ಹೀಗೆ. ಎರಡನೆಯ ಸರತಿಗೆ ಅವನು ಇನ್ನಷ್ಟು ತೂಕ ಹೇಳಿದ. ಬೆಂಚಿನ ಹಿಂದೆ ನಿಂತಿದ್ದ ಮುದಸ್ಸರ ಕಿವಿಯ ಹತ್ತಿರ ಬಾಗಿ, "ಎರಡೂ ಹಚ್ಚರಿ ಅಣ್ಣಾ, ನಿಮಗ ಕೈ ಮುಗೀತೀನಿ" ಎಂದ. ಬಾರ್ ಇಳಿಯುತ್ತಿದ್ದಂತೆ ಎಡಗಡೆಯ ರೆಕ್ಕೆಯೆಲುಬು ಮೇಲೆದ್ದಿತು. ಭಾರ ಅರ್ಧಕ್ಕೆ ಬಂದು ವಾಲಿತು. ಅವನ ಎಡಗಂಕುಳ ಬಳಿ ಹಸಿ ಬಟ್ಟೆ ಹರಿದಂಥ ಸದ್ದಾಯಿತು. ಮುದಸ್ಸರನೂ ಉಳಿದವರೂ ಬಾರ್ ಹಿಡಿಯದಿದ್ದರೆ ಎದೆಯೇ ಒಡೆಯುತ್ತಿತ್ತು.

ಆ ಎಡಗೈ ಈಗ ಹೆಗಲಿಗಿಂತ ಮೇಲೇಳುವುದಿಲ್ಲ. ಕೂಗಿದ ಮುದುಕನನ್ನು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. "ಪಾಪ, ಅಜ್ಜನ ತಾಕತ್ತು ಇವಗ ಬರಲಿಲ್ಲ ನೋಡ್ರಿ" ಎಂದ. ತಾಕತ್ತು ಬಂದಿತ್ತು. ಬಾರದೆ ಉಳಿದದ್ದು ಬೇರೆ. ಗೆದ್ದವರ ಮನೆಯಲ್ಲಿ ಹುಟ್ಟುವ ಒಂದು ಬಗೆಯ ಜನರಿರುತ್ತಾರೆ. ಹಿರಿಯರ ಗೆಲುವು ಅವರಿಗೆ ಆಸ್ತಿಯಾಗಿ ಸಿಗುತ್ತದೆ, ಆ ಗೆಲುವಿನ ಹಿಂದೆ ಮುಂಜಾನೆಯ ಮಬ್ಬಿನಲ್ಲಿ ಮುಕ್ಕಿದ ಮಣ್ಣು ಸಿಗುವುದಿಲ್ಲ, ಏಕೆಂದರೆ ಅದನ್ನು ಯಾವ ಮನೆಯವರೂ ಮಕ್ಕಳಿಗೆ ಹೇಳಿ ಬೆಳೆಸುವುದಿಲ್ಲ. ಬಿದ್ದು ಬಿದ್ದು ಕಲಿತವನ ಮೊಮ್ಮಗ ಬೀಳಲಾರದವನಾಗುತ್ತಾನೆ. ಊರಿಗೂ ಅಂಥವನೇ ಬೇಕು. ಅವನು ಮುರಿದರೆ ನೋಡಲು ಮುಂದಿನ ಸಾಲಿನಲ್ಲಿ ಜಾಗ ಹಿಡಿದಿರುತ್ತದೆ.

ಮುದಸ್ಸರ ಕೈಬಿಡುವ ಕುಳವಲ್ಲ. ಹೋದ ವಾರ ನನ್ನನ್ನೂ ಕರೆದುಕೊಂಡು ಖಾನಾಪುರದಲ್ಲಿರುವ ರಾಮಲಿಂಗನ ಮನೆಗೆ ಹೋದ. ಹೆಂಡತಿ ಗೌರವ್ವ ಚಹಾ ತಂದಿಟ್ಟಳು. "ಅಣ್ಣಾ, ಬೆಳಗಾವಿ ಡಾಕ್ಟರ್ ಹರದ ಸ್ನಾಯು ಹೊಲೀತೀನಿ ಅಂದಾರ. ಆಮ್ಯಾಲ ನಾ ಖಾಲಿ ಬಾರಿಂದ ಸುರು ಮಾಡಸ್ತೀನಿ. ನೀವು ಎರಡೂ ಹಚ್ಚಿ ಮಲಗಿದ್ರ ಸಾಕು, ಮತ್ತ ಗೆಲ್ಲತೀರಿ" ಎಂದ. ಗೌರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ರಾಮಲಿಂಗ ಬಲಗೈಯಿಂದ ಎರಡು ಬಟ್ಟಲನ್ನೂ ನಮ್ಮ ಕಡೆ ಸರಿಸಿದ.

"ಗೆಲ್ಲತೀನಿ, ಗೊತ್ತೈತಿ ಉಸ್ತಾದ. ಬೆನ್ನ ಹಚ್ಚಿ ಗೆದ್ದೆ ಅಂತ ಯಾರ ಮುಂದ ಹೇಳ್ಲಿ? ಬ್ಯಾಡ. ಈ ಕೈ ಹಿಂಗ ಇರ್ಲಿ. ನೀವು ಚಹಾ ಕುಡದು ಹೋಗ್ರಿ."