ನಿಲ್ಲಬಾರದ ಕಡೆ ನಿಂತೆ

ರೋಗಿಗಳ ದುಃಖ ಅಳೆಯುವ ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು. ಒಂದೊಂದಕ್ಕೂ ನಾಲ್ಕು ಉತ್ತರ: ಇಲ್ಲ, ಒಮ್ಮೊಮ್ಮೆ, ಆಗಾಗ, ಯಾವಾಗಲೂ. ಅಂಕ ಸೊನ್ನೆಯಿಂದ ಮೂರು. ಓದಲು ಬಾರದವರಿಗೆ ಓದಿ ಹೇಳಿ ಗುರುತು ಹಾಕುವ ಕೆಲಸ ನನ್ನದಾಯಿತು. "ಮನ್ನೂಬಿಯಾ ಸಮಾಧಾನದಿಂದ ಕೇಳಿಸ್ಕೋತಾಳೆ" ಎಂದು ಡಾಕ್ಟರ್ ಅನೀಸ್ ಎಲ್ಲರೆದುರಿಗೆ ಹೇಳಿದ್ದರು. ನಮ್ಮೂರು ಕೈರುವಾನಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿ ದುಡಿದವಳಿಗೆ ಅದು ಸಣ್ಣ ಮಾತಲ್ಲ.

ವಾರಕ್ಕೆರಡು ದಿನ ಮನಸ್ಸಿನ ಡಾಕ್ಟರೊಬ್ಬರು ನಮ್ಮಲ್ಲಿಗೆ ಬರುವವರಿದ್ದರು. ಆದರೆ ಒಂದೇ ವಿಭಾಗಕ್ಕೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ಗೆ ಬರುವವರಿಗೋ, ಕೀಲುಬೇನೆಯವರಿಗೋ? ಯಾರ ಅಂಕ ಹೆಚ್ಚೋ ಅವರ ದುಃಖ ಹೆಚ್ಚು, ಅವರಿಗೇ ಡಾಕ್ಟರ್.

ಡಯಾಲಿಸಿಸ್ ಕೋಣೆಯಲ್ಲಿ ಹನ್ನೆರಡು ಮಂಚ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ಅವವೇ ಮುಖಗಳು ಒಟ್ಟಿಗೆ ಮಲಗುತ್ತವೆ. ಅಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ ಇರುವುದಿಲ್ಲ.

"ಈಚೆಗೆ ತೂಕದಲ್ಲಿ ಏರುಪೇರಾಗಿದೆಯಾ?" ಎಂದು ಲಾರೂಸಿಯವರನ್ನು ಕೇಳಿದೆ. ಬಸ್ ಓಡಿಸುತ್ತಿದ್ದ ಮುದುಕ.

"ಅಲ್ಹಮ್ದುಲಿಲ್ಲಾ! ಬೆಳಿಗ್ಗೆ ಎಂಬತ್ತು, ಮಧ್ಯಾಹ್ನ ಎಪ್ಪತ್ತೇಳು. ಮೂರು ಕಿಲೋ ನೀರು ಈ ಯಂತ್ರ ಕುಡೀತು. ಈ ವಿದ್ಯೆ ನನ್ ಹೆಂಡ್ತಿಗೆ ಹೇಳ್ಕೊಡು ಮಗಳೇ, ನಿನ್ ಕಾಲಿಗೆ ಬೀಳ್ತಾಳೆ."

"ಯಾವಾಗಲೂ ಅಂತ ಬರೀಲಾ?"

"ಮತ್ತೆ? ವಾರಕ್ಕೆ ಮೂರು ಸಲ!"

ಪಕ್ಕದ ಮಂಚದಿಂದ ಇನ್ನೊಬ್ಬ ಕೂಗಿದ: "ಊಟ ರುಚಿಸ್ತದಾ ಅಂತಾನೂ ಕೇಳಮ್ಮ ನಮ್ಮನ್ನ! ಹರೀಸಾ ಖಾರ ಇಲ್ಲ, ಉಪ್ಪಿಲ್ಲ, ಖರ್ಜೂರ ಇಲ್ಲ. ನಮ್ ಮನೆ ಕತ್ತೆ ನನಗಿಂತ ಚೆನ್ನಾಗಿ ಉಣ್ತದೆ!"

ಹನ್ನೆರಡು ಮಂಚವೂ ನಕ್ಕಿತು. ತೂಕ, ಊಟ, ಆಯಾಸ ಮೂರಕ್ಕೂ ಎಲ್ಲರೂ ಮೂರು ಮೂರು ಅಂಕ ಪಡೆದರು. ದುಃಖವಿರಲಿ ಇಲ್ಲದಿರಲಿ, ಆ ರೋಗ ಬಂದವರಿಗೆ ಆ ಅಂಕ ಬಂದೇ ಬರುತ್ತದೆ. ಅದು ಆಗ ನನಗೆ ಹೊಳೆಯಲಿಲ್ಲ.

ಕೀಲುಬೇನೆಯ ಹೆಂಗಸರದು ಬೇರೆ ಕಥೆ. ಕಾರಿಡಾರಿನ ಬೆಂಚುಗಳ ಮೇಲೆ ಮೂವತ್ತು ಜನ. ಯಾರಿಗೂ ಯಾರೂ ಗೊತ್ತಿಲ್ಲ, ಎಲ್ಲರ ಕಿವಿಯೂ ನೆಟ್ಟಗೆ. ಯಾವ ಗಳಿಗೆಯಲ್ಲಿ ಯಾರ ಹೆಸರು ಕೂಗುತ್ತಾರೋ ಎಂಬ ಅವಸರ ಬೇರೆ. ಶಾದ್ಲಿಯಾ ಖಾಲ್ತಿ ಕೊನೆಯಲ್ಲಿ ಕುಳಿತಿದ್ದಳು. ನಮ್ಮ ಬೀದಿಯವಳು, ಅಮ್ಮನ ವಾರಿಗೆಯವಳು. ಹಾಗಾಗಿಯೇ ಅವಳನ್ನು ಖಾಲ್ತಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ನಲವತ್ತು ವರ್ಷ ಜಮಖಾನ ನೇಯ್ದು ಮೂವರು ಹೆಣ್ಣುಮಕ್ಕಳಿಗೆ ಮದುವೆ ಮಾಡಿದ ಬೆರಳುಗಳು ಈಗ ಶುಂಠಿ ಬೇರಿನಂತಾಗಿದ್ದವು. ಮಗ್ಗ ಮಾರಿಯಾಗಿತ್ತು.

"ಖಾಲ್ತಿ, ಇನ್ನು ಬದುಕಿ ಏನು ಅಂತ ಅನಿಸುತ್ತದಾ?"

"ಅಲ್ಹಮ್ದುಲಿಲ್ಲಾ," ಎಂದಳು.

ನಾನು 'ಇಲ್ಲ' ಎಂಬಲ್ಲಿ ಗುರುತು ಹಾಕಿ ಹಾಳೆ ತಿರುವಿದೆ. ಅವಳು ಉಸಿರೆಳೆದುಕೊಂಡದ್ದು ಕೇಳಿಸಿತ್ತು. ಮುಂದಿನ ಪ್ರಶ್ನೆ ಓದಿದೆ.

ಮೂವತ್ತು ಜನರಿಗೂ ಹಾಗೆಯೇ ಮಾಡಿದೆ. ಆ ಪದ ಬಾಯಿಂದ ಬಂದ ಮೇಲೆ ಇನ್ನೊಂದು ಮಾತು ಕೇಳುವುದು ನನಗೆ ತಪ್ಪೆನಿಸಿತು. ದೇವರಿಗೆ ಕೃತಜ್ಞತೆ ಹೇಳಿದವಳನ್ನು ಕೆದಕಿ ದೂರು ಹೊರಡಿಸಲು ನಾನ್ಯಾರು?

ನಾಲ್ಕು ದಿನದ ಮೇಲೆ ಔಷಧಿಯ ಸಾಲಿನಲ್ಲಿ ನನ್ನ ಬೆನ್ನ ಹಿಂದೆ ಶಾದ್ಲಿಯಾ ಖಾಲ್ತಿಯ ದನಿ. ಜೊತೆಯವಳಿಗೆ ಹೇಳುತ್ತಿದ್ದಳು: "ಅಲ್ಹಮ್ದುಲಿಲ್ಲಾ. ಆದ್ರೆ ಬೆಳಿಗ್ಗೆ ಕಣ್ ಬಿಟ್ರೆ, ಯಾಕಪ್ಪಾ ಬಿಟ್ಟೆ ಅನ್ಸತ್ತೆ. ನಿದ್ದೇಲೇ ಕರ್ಕೊಂಡಿದ್ರೆ ಮೇಲಿನವನಿಗೇನ್ ಕಷ್ಟ ಇತ್ತು?"

ನನ್ನ ಅಪ್ಪ ಮಕ್ಕಳಿಗೆ ಕುರಾನ್ ಪಠಣ ಕಲಿಸುತ್ತಿದ್ದವರು. ಕುರಾನಿನ ಸಾಲುಗಳ ಮೇಲೆ ಸಣ್ಣ ಗುರುತುಗಳಿರುತ್ತವೆ. ಇಲ್ಲಿ ನಿಲ್ಲಲೇಬೇಕು, ಇಲ್ಲಿ ನಿಲ್ಲಲೇಬಾರದು ಎಂದು. ನಿಲ್ಲಬಾರದ ಕಡೆ ಉಸಿರು ಬಿಟ್ಟರೆ ಅಪ್ಪನ ಬೆರಳು ಚಾಪೆಯ ಮೇಲೆ ಟಕ್ಕೆನ್ನುತ್ತಿತ್ತು. "ಹಿಂದಕ್ಕೆ ಹೋಗು. ಅರ್ಥ ಉಲ್ಟಾ ಆಯ್ತು." ಮೂವತ್ತು ಹೆಂಗಸರ ಮಾತನ್ನು ನಾನು ಅಂಥ ಜಾಗದಲ್ಲೇ ನಿಲ್ಲಿಸಿದ್ದೆ. ಡಯಾಲಿಸಿಸ್‌ನವರೂ ಅದೇ ಪದದಿಂದಲೇ ಶುರುಮಾಡಿದ್ದರು. ಆದರೆ ಮಲಗಿದವರಿಗೆ ಅವಸರವಿರಲಿಲ್ಲ. ನಾನು ಪೆನ್ನು ಊರುವ ಮೊದಲೇ ಆ ಪದದ ಹಿಂದೆಯೇ ದೂರು ಬಂದುಬಿಡುತ್ತಿತ್ತು.

ಓಡಿಹೋದೆ. ಡಾಕ್ಟರ್ ಅನೀಸರ ಮೇಜಿನ ಮೇಲೆ ಪಟ್ಟಿ ಸಿದ್ಧವಾಗಿತ್ತು. ಡಯಾಲಿಸಿಸ್ ಸರಾಸರಿ ಮೂವತ್ತೆರಡು, ಕೀಲುಬೇನೆ ಇಪ್ಪತ್ತೇಳು.

"ತಪ್ಪಾಗಿದೆ ಡಾಕ್ಟರ್, ನನ್ನಿಂದ," ಎಂದು ಎಲ್ಲ ಹೇಳಿದೆ. "ಆ ಹೆಂಗಸರನ್ನ ಇನ್ನೊಂದ್ಸಲ ಕೇಳ್ತೀನಿ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇವರನ್ನ ಮಾತ್ರ ಎರಡ್ಸಲ ಕೇಳಿದ್ರೆ ಡಯಾಲಿಸಿಸ್‌ನವರಿಗೆ ಅನ್ಯಾಯ ಅಲ್ವಾ? ಈ ಸಲ ಬೇಕಂತಲೇ ನಿಂತು ಕಾಯ್ತೀಯ ನೀನು. ಕಾದ್ರೆ ಅಂಕ ಏರತ್ತೆ."

ಆ ಮಾತು ಸರಿಯೇ. ಬೇರೆ ದಾರಿ ಹುಡುಕಿದೆ.

"ಹಾಗಾದ್ರೆ ತೂಕ, ಊಟ, ಆಯಾಸ, ಈ ಮೂರು ಪ್ರಶ್ನೆ ಎಲ್ಲರಿಗೂ ತೆಗೆದುಬಿಡಿ. ಲಾರೂಸಿಯವರ ತೂಕ ಇಳಿಸೋದು ಯಂತ್ರ, ದುಃಖ ಅಲ್ಲ."

ಅವರು ಬೇಸರಿಸದೆ ಲೆಕ್ಕ ಹಾಕಿದರು. ಪೆನ್ಸಿಲ್ ನಿಂತಿತು. ಡಯಾಲಿಸಿಸ್ ಇಪ್ಪತ್ತಮೂರು, ಕೀಲುಬೇನೆ ಇಪ್ಪತ್ತನಾಲ್ಕು.

"ನೋಡಿ!" ಎಂದೆ.

"ನೋಡ್ದೆ. ಒಂದಂಕ." ಕಾಗದ ನನ್ನ ಕಡೆ ಸರಿಸಿದರು. "ಮನ್ನೂಬಿಯಾ, ಇದು ಎಲ್ಲಾ ಊರಲ್ಲೂ ಕೇಳೋ ಇಪ್ಪತ್ತು ಪ್ರಶ್ನೆ. ಹದಿನೇಳು ಮಾಡಿ ಕಳಿಸಿದ್ರೆ ರಾಜಧಾನಿಯಲ್ಲಿ ಕಸದ ಬುಟ್ಟಿಗೆ ಹಾಕ್ತಾರೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಂಕ. ಇದಕ್ಕಿಂತ ನ್ಯಾಯ ಎಲ್ಲಿಂದ ತರ್ಲಿ?"

"ಅದೇ ಪ್ರಶ್ನೆ ಇವರ ಮೈಯಲ್ಲಿ ಒಂದು ಕೇಳತ್ತೆ, ಅವರ ಮೈಯಲ್ಲಿ ಇನ್ನೊಂದು ಕೇಳತ್ತೆ, ಡಾಕ್ಟರ್."

"ನೀನ್ ಹೇಳೋದು ನಿಜ," ಎಂದರು. ಆಮೇಲೆ, "ಪತ್ರ ನಿನ್ನೆಯೇ ರಾಜಧಾನಿಗೆ ಹೋಯ್ತು" ಎಂದರು.

ಮೇ ತಿಂಗಳಲ್ಲಿ ಮನಸ್ಸಿನ ಡಾಕ್ಟರ್ ಬಂದರು. ಸೌಮ್ಯ ಹೆಂಗಸು. ಹನ್ನೆರಡು ಮಂಚದ ನಡುವೆ ಕುರ್ಚಿ ಎಳೆದುಕೊಂಡು ಕುಳಿತರೆ ಅಲ್ಲಿನವರು ಇಸ್ಪೀಟು ಮುಚ್ಚಿಟ್ಟು ಗೌರವದಿಂದ ಉತ್ತರ ಕೊಡುತ್ತಿದ್ದರು. ಲಾರೂಸಿ ನನ್ನನ್ನು ಕರೆದು ಪಿಸುಗುಟ್ಟಿದರು: "ಪಾಪ, ಒಳ್ಳೇ ಹುಡುಗಿ. ನಮಗೇನೋ ದುಃಖ ಇದೆ ಅಂತ ಯಾರೋ ಹೇಳಿದಾರೆ ಅವಳಿಗೆ. ಬೇಜಾರಾಗಬಾರ್ದು ಅಂತ ನಾನೂ ಅವಳು ಬಂದಾಗೆಲ್ಲ ಒಂದೊಂದು ಹುಡುಕಿ ಹೇಳ್ತಿದೀನಿ."

ಆ ಡಾಕ್ಟರನ್ನು ಕಾರಿಡಾರಿನಲ್ಲಿ ತಡೆದು, ಕೀಲುಬೇನೆಯವಳೊಬ್ಬಳನ್ನು ಕಾಲು ಗಂಟೆ ನೋಡುತ್ತೀರಾ ಎಂದೆ. "ಆದೇಶದಲ್ಲಿ ಈ ವಿಭಾಗ ಮಾತ್ರ ಇದೆ. ಅವರ ಹೆಸರು ನನ್ನ ಪಟ್ಟೀಲಿ ಇಲ್ಲ," ಎಂದು ಕಣ್ಣು ತಗ್ಗಿಸಿದರು.

ಶಾದ್ಲಿಯಾ ಖಾಲ್ತಿ ಎರಡು ತಿಂಗಳಿಂದ ಇಂಜೆಕ್ಷನ್‌ಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಚಿಲಕ ಹಾಕಿರಲಿಲ್ಲ. ಅವಳು ಗೋಡೆಗೊರಗಿ ಕುಳಿತಿದ್ದಳು. ಬೆಳಗಿನ ರೊಟ್ಟಿ ತಟ್ಟೆಯಲ್ಲೇ ಒಣಗಿತ್ತು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಪ್ರಶ್ನೆ, ಗುರುತು, ತಿರುವಿದ ಹಾಳೆ, ಒಂದಂಕ. ಬೈಯಲಿ ಎಂದು ಕಾದೆ.

"ಇಲ್ಲ ಅಂತ ಬರ್ದೆಯಾ?"

"ಹೌದು ಖಾಲ್ತಿ. ತಪ್ಪಾಯ್ತು."

"ಹಾಗೇ ಇರ್ಲಿ ಬಿಡು." ರೊಟ್ಟಿಯ ತಟ್ಟೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ನಾಳೆ ಮೇಲಿನವನು ಕೇಳಿದ್ರೆ ತೋರ್ಸೋಕೆ ಒಂದು ಕಾಗದ ಆದ್ರೂ ಇದೆ. ಶಾದ್ಲಿಯಾ ದೂರು ಹೇಳಿಲ್ಲ ಅಂತ, ಆಸ್ಪತ್ರೆಯವರೇ ಬರ್ದಿದಾರೆ."

ಇದು ಭಕ್ತಿಯಲ್ಲ ಎಂದು ನನಗೆ ಗೊತ್ತಿತ್ತು. ಇನ್ನೊಮ್ಮೆ ಉತ್ತರ ಹೇಳುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ನಾಳೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅಲ್ಲಿ ಅವಳ ಮಾತು ಕೇಳುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಎಂದೆ.

"ಹೋಗ್ಬಾ ಮಗಳೇ," ಎಂದಳು. "ಹೋಗ್ತಾ ಬಾಗಿಲು ಎಳ್ಕೊಂಡ್ಹೋಗು. ನನ್ ಕೈಲಾಗಲ್ಲ."

ಎಳೆದುಕೊಂಡು ಬಂದೆ.